ಕಾಯಿನೀರು ಕುಡಿದ ಕಂಪ್ಯೂಟರು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಬರೆಯಲು ಕುಳಿತಾಗಲೆಲ್ಲ ಹಳೆಯ ಕಂಪ್ಯೂಟರಿನ ಖುಷಿಯನ್ನಷ್ಟೇ ಬರೆದು, ತೆಂಗಿನಕಾಯಿಯ ವಿಷಯ ಬರುವ ಹೊತ್ತಿಗೆ ಕಾಫಿಯ ನೆಪ ಮಾಡಿ ಎದ್ದುಬಿಡುತ್ತೇನೆ. ಈ ಸಲ ಎರಡನ್ನೂ ಬರೆಯುತ್ತೇನೆ. ಖುಷಿಯನ್ನು ಬಿಟ್ಟು ಬರೆಯಲಾರೆ, ಯಾಕೆಂದರೆ ಅದೂ ಸುಳ್ಳಲ್ಲ. ಈ ವಯಸ್ಸಿನಲ್ಲಿ ನನಗೆ ಅಷ್ಟು ಖುಷಿಯಾಗುತ್ತದೆಂದು ನಾನು ಎಣಿಸಿರಲಿಲ್ಲ.

ನಂಜನಗೂಡಿನಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೊದಲು ಟೈಪಿಂಗ್ ಹೇಳಿಕೊಡುತ್ತಿದ್ದೆ. ಕಂಪ್ಯೂಟರು ಬಂದ ಮೇಲೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಇವುಗಳ ಅಕ್ಷರ ಜೋಡಿಸುವುದೇ ಬದುಕಾಯಿತು. ಜನ ಮೊಬೈಲಿನಲ್ಲೇ ಮದುವೆಗೆ ಕರೆಯುವ ಕಾಲ ಬಂದಾಗ ಅಂಗಡಿ ಮುಚ್ಚಿದೆ. ಎರಡು ಕಂಪ್ಯೂಟರುಗಳು ಮನೆಯ ಅಟ್ಟ ಸೇರಿದವು. ಒಂದು ಕೊನೆಯವರೆಗೂ ದುಡಿದದ್ದು. ಇನ್ನೊಂದು ಅದಕ್ಕೂ ಹಿಂದಿನದು, ನಾನು ಮೊಟ್ಟಮೊದಲು ಕೊಂಡದ್ದು, ಎಷ್ಟೋ ವರ್ಷದ ಹಿಂದೆಯೇ ಸತ್ತದ್ದು.

ಹೋದ ವರ್ಷ ನಮ್ಮ ಬೀದಿಗೆ ಗುಜರಿಯವನು ಬಂದಾಗ ನನ್ನ ಹೆಂಡತಿ ಅವನನ್ನು ಗೇಟಿನ ಬಳಿ ನಿಲ್ಲಿಸಿಕೊಂಡು ನನ್ನನ್ನು ಕೂಗಿದಳು.

"ಆ ಎರಡು ಡಬ್ಬ ಇಳಿಸಿ ಕೊಟ್ಬಿಡಿ. ಅಟ್ಟದ ಮೇಲೆ ಇಲಿ ಸಂಸಾರ ಹೂಡಿವೆ."

"ಇಲಿಗಾದ್ರೂ ಉಪಯೋಗಕ್ಕೆ ಬಂತಲ್ಲ, ಇರಲಿ ಬಿಡೆ."

"ನಿಮಗಿಂತ ಆ ಇಲೀನೇ ವಾಸಿ. ಗದರಿದ್ರೆ ಓಡೋಗ್ತವೆ."

ಗುಜರಿಯವನು ನಕ್ಕು, "ಬೇಗ ಯೋಳಿ ಸಾ, ಬಿಸ್ಲು" ಅಂದ. ನಾನು ಅಟ್ಟ ಹತ್ತಿದೆ. ಹತ್ತಿದ್ದು ಇಳಿಸಿ ಕೊಡಲೆಂದೇ. ಆದರೆ ಧೂಳು ತಟ್ಟಿ ಆ ಪೆಟ್ಟಿಗೆಯನ್ನು ಮುಟ್ಟಿದಾಗ, ಹಿಂದಿನ ವಾರ ಮೊಬೈಲಿನಲ್ಲಿ ನೋಡಿದ್ದ ಒಂದು ವಿಡಿಯೋ ನೆನಪಾಯಿತು. ಮೇಲಿನಿಂದಲೇ, "ಕೊಡಲ್ಲ, ಹೋಗಪ್ಪ" ಎಂದು ಕೂಗಿದೆ. ಹೆಂಡತಿ ಏನೋ ಅಂದಳು. ಅದು ಅಟ್ಟದವರೆಗೆ ಕೇಳದಿದ್ದದ್ದು ಒಳ್ಳೆಯದೇ ಆಯಿತು.

ಆ ವಿಡಿಯೋದಲ್ಲಿ ಇದ್ದದ್ದು ಒಂದು ಹೊಸ ಬಗೆಯ ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶಕ್ಕೆ ಹಾಗನ್ನುತ್ತಾರೆ. ನಾವೆಲ್ಲ ಬಳಸಿದ್ದು ದೊಡ್ಡ ಕಂಪನಿಗಳದು. ವರ್ಷ ಕಳೆದಂತೆ ಅದು ದಪ್ಪವಾಗುತ್ತ ಹೋಯಿತು, ಹಳೆಯ ಯಂತ್ರಗಳು ಅದರ ಭಾರ ತಾಳಲಾರದೆ ಮೂಲೆ ಸೇರಿದವು. ಇದು ಹಾಗಲ್ಲ. ಯಾವಯಾವುದೋ ದೇಶದ ಹವ್ಯಾಸಿಗಳು, ಒಬ್ಬರ ಮುಖ ಒಬ್ಬರು ನೋಡದವರು, ಕೂಡಿಕೊಂಡು ಪ್ರಯೋಗಕ್ಕೆಂದು ಬರೆದದ್ದು. ಇಡೀ ಸಿಸ್ಟಮ್ ಒಂದೇ ಒಂದು ಫ್ಲಾಪಿಯಲ್ಲಿ ಹಿಡಿಸುತ್ತದೆ. ಫ್ಲಾಪಿ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಚೌಕ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅದರಲ್ಲಿ ಜಾಗವಿಲ್ಲ. ಅಷ್ಟರಲ್ಲಿ ಗಡಿಯಾರ, ಬರೆಯುವ ಹಾಳೆ, ಚಿತ್ರ ಬಿಡಿಸುವ ಹಲಗೆ, ಆಟಗಳು, ಎಲ್ಲ! ಇದಿನ್ನೂ ಪ್ರಯೋಗ, ಏನಾದರೂ ಆದರೆ ಹೊಣೆ ನಿಮ್ಮದೇ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಅದನ್ನು ಓದಿ ನನಗೆ ಹುರುಪು ಇನ್ನಷ್ಟು ಏರಿತು. ಬದುಕಿನಲ್ಲಿ ನಾನು ಹೊಣೆ ಹೊತ್ತದ್ದು ಕಡಿಮೆಯೇ.

ದುಡಿದ ಯಂತ್ರವನ್ನು ಮೊದಲು ಇಳಿಸಿದೆ. ಇಲಿಯ ಗೂಡು ತೆಗೆದು, ಬ್ರಷ್ಷಿನಲ್ಲಿ ಧೂಳು ಗುಡಿಸಿ, ಮೆಮೊರಿ ಪಟ್ಟಿಗಳನ್ನು ಕಿತ್ತು ಅವುಗಳ ಹಿತ್ತಾಳೆಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ನಮ್ಮ ಕಾಲದ ರಿಪೇರಿಯವರೆಲ್ಲ ಹೀಗೇ ಮಾಡುತ್ತಿದ್ದದ್ದು. ಕರೆಂಟು ಕೊಟ್ಟೆ. ಫ್ಯಾನು ಕೆಮ್ಮಿ, ಗೊರಗೊರ ಎಂದು, ಆಮೇಲೆ ತಿರುಗಿತು. ಒಂದು ಬೀಪ್! ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಬ್ಯಾಟರಿ ಸತ್ತಿದೆ, ಇವತ್ತು ಯಾವ ತಾರೀಖೋ ನನಗೆ ಗೊತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಅಡಿಗೆಮನೆಯಿಂದ ಹೆಂಡತಿ, "ಏನ್ರೀ ಅದು ಕೂಗಿದ್ದು?" ಎಂದು ಸೌಟು ಹಿಡಿದೇ ಬಂದಳು. ನಾನು ಕುಣಿಯುವುದೊಂದು ಬಾಕಿ ಇತ್ತು.

ಆದರೆ ಕೆಲಸ ಅಲ್ಲಿಗೇ ನಿಂತಿತು. ಸಿಸ್ಟಮ್ಮನ್ನು ಇಂಟರ್ನೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದೆ. ಹಳೆಯ ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಲು ತೂತೇ ಇಲ್ಲ, ಅದಕ್ಕೆ ಫ್ಲಾಪಿಯೇ ಆಗಬೇಕು. ನನ್ನ ಬಳಿ ಉಳಿದಿದ್ದ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಪೆನ್‌ಡ್ರೈವಿನಲ್ಲಿದ್ದದ್ದನ್ನು ಫ್ಲಾಪಿಗೆ ಇಳಿಸಿಕೊಡುವ, ಎರಡು ಕಾಲದ ನಡುವಿನ ಯಂತ್ರವೊಂದು ಬೇಕಾಗಿತ್ತು. ಊರಿನ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ.

"ಸಾ, ಮೈಸೂರು ಅರಮನೇಲಿ ವಿಚಾರಿಸಿ, ಆ ಕಾಲದ ಸಾಮಾನೆಲ್ಲ ಅಲ್ಲೇ ಇರೋದು" ಎಂದು ನಕ್ಕ. ಆಮೇಲೆ ಏನೋ ಹೊಳೆದವನಂತೆ, "ಟಿ. ನರಸೀಪುರದಲ್ಲಿ ಒಬ್ರು ಮೇಡಮ್ಮು ಜೆರಾಕ್ಸ್ ಅಂಗಡಿ ಇಟ್ಟವ್ರೆ. ಮೂಗೂರಿನೋರು. ಹಳೇ ಕಂಪ್ಯೂಟ್ರು ಒಂದನ್ನೂ ಎಸೆದಿಲ್ವಂತೆ, ಒರೆಸಿ ಇಟ್ಕಂಡವ್ರಂತೆ" ಅಂದ.

ಮೂಗೂರಿನವರು ಎಂದಾಗಲೇ ಅದು ಯಾರೆಂದು ನನಗೆ ತಿಳಿಯಿತು.

ಆ ಸಂಜೆ, ಮುಟ್ಟದೆ ಬಿಟ್ಟಿದ್ದ ಇನ್ನೊಂದು ಪೆಟ್ಟಿಗೆಯನ್ನು, ಸತ್ತ ಯಂತ್ರವನ್ನು, ಇಳಿಸಿ ಮುಚ್ಚಳ ಬಿಚ್ಚಿದೆ. ಹಿಂಬದಿಯಲ್ಲಿ ಕರೆಂಟು ಒಳಬರುವ ಡಬ್ಬಿಯ ಮೇಲೆ, ಅಲ್ಲಿಂದ ಹಲಗೆಯ ಒಂದು ಮೂಲೆಗೆ, ನೀರು ಹರಿದು ಒಣಗಿದ ಗೆರೆ ಇತ್ತು. ಗೆರೆಯುದ್ದಕ್ಕೂ ಹಸಿರು ಕಿಲುಬು. ಸೀಳಿನೊಳಗೆ ಚಿಟಿಕೆ ಕುಂಕುಮ.

ಈಗ ಕಾಯಿಯ ವಿಷಯ.

ಆ ಮೊದಲ ಕಂಪ್ಯೂಟರಿನ ಕಾಲದಲ್ಲಿ ಮೂಗೂರಿನ ಹುಡುಗಿಯೊಬ್ಬಳು ನನ್ನ ಅಂಗಡಿಯಲ್ಲಿ ಆಪರೇಟರಾಗಿದ್ದಳು. ಪಿ.ಯು.ಸಿ. ಮುಗಿಸಿ ಬಂದವಳು. ದಿನವೂ ನರಸೀಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ನಂಜನಗೂಡಿಗೆ ಬರುತ್ತಿದ್ದಳು. ಕೀಬೋರ್ಡಿನ ಕಡೆ ನೋಡದೆ ಗಿರಾಕಿಯ ಜೊತೆ ಮಾತಾಡುತ್ತಲೇ ಪತ್ರಿಕೆ ಮುಗಿಸುವಳು. ಆ ವರ್ಷದ ಆಯುಧಪೂಜೆಗೆ ಕಂಪ್ಯೂಟರಿಗೆ ಸ್ವತಃ ನಾನೇ ಪೂಜೆ ಮಾಡಿದೆ. ಆಗಿನ ಕ್ಯಾಬಿನೆಟ್ಟು ಮಲಗಿದ ಪೆಟ್ಟಿಗೆ. ಮಾನಿಟರನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯ ನೆತ್ತಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಬಾಳೆಎಲೆ ಹಾಸಿ, ಹಣ್ಣಿಟ್ಟೆ. ಕಾಯಿ ಒಡೆದು ಎರಡು ಹೋಳನ್ನೂ ಅದರ ಮೇಲೇ ಇಟ್ಟೆ. ಒಂದು ಹೋಳಿನ ತುಂಬ ನೀರಿತ್ತು. ಕರ್ಪೂರದಾರತಿ ಎತ್ತುವಾಗ ಮೊಣಕೈ ತಗುಲಿ ಆ ಹೋಳು ಮಗುಚಿತು. ನೀರು ಎಲೆಯ ಮೇಲೆ ಹರಿದು ಹಿಂಬದಿಯ ಸೀಳುಗಳೊಳಗೆ ಇಳಿಯಿತು. ಹುಡುಗಿ ಹೊರಗೆ ಹೊಸಿಲಿಗೆ ರಂಗೋಲಿ ಬಿಡುತ್ತಿದ್ದಳು. ನಾನು ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಮೇಲೆ ಹೂವು ಮುಚ್ಚಿದೆ. ಪೂಜೆಯ ನೀರಲ್ಲವೇ, ಏನೂ ಆಗುವುದಿಲ್ಲ ಅಂದುಕೊಂಡೆ.

ಪೂಜೆಯ ದಿನ ಯಂತ್ರ ಓಡಿಸುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ. ಶುಭದಿನವೆಂದು ಪತ್ರಿಕೆ ಬರೆಸಲು ಜನ ಕಾದು ನಿಂತಿದ್ದರು. ಹುಡುಗಿ ಬಂದವಳೇ, ಪತ್ರಿಕೆಯ ಅಂಚಿಗೆ ಹಾಕಲು ನರಸೀಪುರದ ಗೆಳತಿಯಿಂದ ತಂದಿದ್ದ ಹೂಬಳ್ಳಿ ಚಿತ್ರಗಳ ಫ್ಲಾಪಿಯನ್ನು ತೂರಿಸಿ, ಸ್ವಿಚ್ಚು ಹಾಕಿದಳು. ಪಟ್ ಎಂದಿತು. ಹೊಗೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಅವಳ ಕಡೆ ನೋಡಿದೆ. "ಆ ಫ್ಲಾಪಿ ಎಲ್ಲಿಂದ ತಂದೆ? ವೈರಸ್ ತಂದು ನನ್ನ ಅಂಗಡಿ ಸುಟ್ಟೆಯಲ್ಲ!" ಅಂದೆ. ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದೆ.

ವೈರಸ್ಸು ಯಂತ್ರವನ್ನು ಹಾಗೆ ಸುಡುವುದಿಲ್ಲವೆಂದು ನನಗೆ ಆಗಲೂ ಗೊತ್ತಿತ್ತು. ಕಾದು ನಿಂತವರಿಗೆ ಗೊತ್ತಿರಲಿಲ್ಲ. ಊರಿಗೆ ಆ ಪದ ಆಗ ಹೊಸದು, ಸಿಡುಬಿನಷ್ಟೇ ಹೆದರಿಕೆ. ಆ ಹುಡುಗಿ ವೈರಸ್ ತರುತ್ತಾಳಂತೆ ಎಂಬ ಮಾತು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಯಿತು. ಒಬ್ಬ ಅಂಗಡಿಯವನು ತನ್ನ ಆಪರೇಟರುಗಳಿಗೆ ಸೋಪು ಹಾಕಿ ಕೈ ತೊಳೆದು ಬರಲು ಹೇಳತೊಡಗಿದ್ದನಂತೆ. ನಗು ಬರುವ ಮಾತೇ. ಆದರೆ ನಂಜನಗೂಡಿನಲ್ಲಿ ಅವಳಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ.

ಹಬ್ಬ ಕಳೆದ ಮೇಲೆ ಅವಳ ತಂದೆ ಬಂದರು. ಬೇಸಾಯಗಾರರು, ನನಗಿಂತ ಸ್ವಲ್ಪ ದೊಡ್ಡವರು. ದೇವಸ್ಥಾನಕ್ಕೆ ಬಂದವರಂತೆ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದರು. ಮೊದಲು ಸತ್ತ ಯಂತ್ರಕ್ಕೆ ಕೈಮುಗಿದರು, ಆಮೇಲೆ ನನಗೆ.

"ನಮ್ ಮಗ್ಳು ತಿಳೀದೆ ಮಾಡ್ಬುಟ್ಟವ್ಳೆ ಸಾ. ಒಟ್ಟೆಗಾಕ್ಕಳಿ" ಅಂದರು. ಪಂಚೆಯ ಮಡಿಲಿನಿಂದ ಒಂದು ತೆಂಗಿನಕಾಯಿ ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. "ಈ ಕಾಯ ಅದ್ರ ಮುಂದೆ ಒಡೀರಿ. ದೋಸ ಏನಿದ್ರೂ ಓಗ್ಲಿ."

ನಾನು ಕಾಯಿ ತೆಗೆದುಕೊಂಡೆ. "ಆಯ್ತು, ಹೋಗಿ ಬನ್ನಿ" ಅಂದೆ. ಯಂತ್ರದ ಮುಂದೆ ಅದನ್ನು ಒಡೆಯುವ ಧೈರ್ಯ ಬರಲಿಲ್ಲ. ಮನೆಗೆ ತಂದೆ. ಹೆಂಡತಿ ಚಟ್ನಿ ರುಬ್ಬಿದಳು. ನಾನೂ ತಿಂದೆ.

ಇದಿಷ್ಟನ್ನೂ ಹೊತ್ತು ನರಸೀಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಪೆನ್‌ಡ್ರೈವು. ಈ ಸಲ ಹೇಳಿಬಿಡಬೇಕು ಅಂದುಕೊಂಡೆ. ಆದರೆ ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ಫ್ಲಾಪಿ ಓಡುತ್ತದೋ ಇಲ್ಲವೋ ಎಂಬ ಕುತೂಹಲವೂ ಅಷ್ಟೇ ಇತ್ತು. ಕಿಟಕಿಯಾಚೆ ಗದ್ದೆಗಳು ಸರಿಯುತ್ತಿದ್ದವು. ನನ್ನ ಕಾಲು ತಾಳ ಹಾಕುತ್ತಿತ್ತು.

ಅವಳ ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರವೇ. ಅರ್ಜಿ ತುಂಬಿಸಲು, ಜೆರಾಕ್ಸ್ ಮಾಡಿಸಲು ಜನ. ನಾನು ಮೆಟ್ಟಿಲ ಕೆಳಗೇ ನಿಂತು ಸುಮ್ಮನೆ ಕೆಮ್ಮಿದೆ.

"ಯಾಕ್ ಸಾ ಅಲ್ಲೇ ನಿಂತ್ರಿ? ಬನ್ನಿ ಒಳೀಕೆ" ಎಂಬ ದನಿ ಬಂತು. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. "ಅದೇ ಕೆಮ್ಮು. ಗುರ್ತು ಸಿಗ್ದೆ ಇರ್ತದಾ?"

ನಾನು ತಡವರಿಸುತ್ತ ಫ್ಲಾಪಿಯ ಕಥೆ ಹೇಳಿದೆ. ಅರ್ಧ ಕೇಳುವಷ್ಟರಲ್ಲಿ ಅವಳ ಕಣ್ಣು ಅರಳಿತು. ಗಿರಾಕಿಗಳನ್ನು ಕಳಿಸಿ ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಹಳೆಯ ಸೀರೆಯ ತುಂಡು ಹೊದ್ದ ಯಂತ್ರಗಳು ಸಾಲಾಗಿ ಕುಳಿತಿದ್ದವು. ನನಗೆ ಬೇಕಾಗಿದ್ದ ನಡುಗಾಲದ ಯಂತ್ರವೂ ಇತ್ತು, ಅದಕ್ಕಿಂತ ಹಳೆಯದೂ ಇತ್ತು. ಅಕ್ಕಿ ತುಂಬಿದ ಡಬ್ಬಿಯೊಳಗೆ ಕೈಹಾಕಿ ಅವಳು ಫ್ಲಾಪಿ ತೆಗೆದಳು.

"ಅಕ್ಕೀಲಿ ಇಟ್ರೆ ಬೂಷ್ಟು ಬರಕಿಲ್ಲ ಸಾ. ಒಂದೇ ತೊಂದ್ರೆ ಅಂದ್ರೆ, ನಮ್ಮತ್ತೆ ಒಂದ್ಸಲ ಅದೇ ಅಕ್ಕೀಲಿ ಅನ್ನ ಮಾಡಕ್ಕೋಗಿದ್ರು."

ಸಿಸ್ಟಮ್ಮನ್ನು ಫ್ಲಾಪಿಗೆ ಇಳಿಸಿದಳು. ಅದನ್ನು ಅತಿ ಹಳೆಯ ಯಂತ್ರಕ್ಕೆ ತೂರಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿ, "ನೀವೇ ಆಕಿ" ಅಂದಳು. ನಾನು ಹಾಕಿದೆ. ಫ್ಲಾಪಿ ಟರ್ ಟರ್ ಎಂದು ಕಾಳು ಬೀಸಿದಂತೆ ಸದ್ದು ಮಾಡಿತು. ಕಪ್ಪು ಪರದೆ. ಸಾಲುಸಾಲು ಅಕ್ಷರ. ಮತ್ತೆ ಕಪ್ಪು. ತಟ್ಟನೆ ಇಡೀ ಪರದೆಗೆ ಬಣ್ಣ ತುಂಬಿತು! ಮೂಲೆಯಲ್ಲಿ ಗಡಿಯಾರ ಓಡುತ್ತಿದೆ, ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ನಿಂತಿವೆ, ಮೌಸೆಂಬ ಇಲಿಯನ್ನು ಎಳೆದರೆ ಬಾಣದ ಗುರುತು ಎಳೆದ ಕಡೆ ಓಡುತ್ತಿದೆ. ಅದೇ ಯಂತ್ರ ಆ ಕಾಲದಲ್ಲಿ ಏಳುವಷ್ಟರಲ್ಲಿ ನಾವು ಟೀ ಕುಡಿದು ಬರುತ್ತಿದ್ದೆವು. ಈಗ ಲೋಟ ಎತ್ತುವಷ್ಟರಲ್ಲಿ ಎದ್ದು ಕುಳಿತಿತ್ತು.

"ಅಯ್ಯೋ ಸಾ, ನೋಡಿ ಸಾ, ಮುದುಕಿ ಎಳೇ ಹುಡ್ಗಿ ತರ ಓಡ್ತಾವ್ಳೆ!" ಎಂದು ಅವಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಹೊರಗೆ ಜೆರಾಕ್ಸಿಗೆ ಬಂದವರೊಬ್ಬರು ಇಣುಕಿ, ಏನೂ ಅರ್ಥವಾಗದೆ ಹೋದರು.

ಕನ್ನಡದಲ್ಲಿ ಟೈಪು ಮಾಡಲು ಹೋದರೆ ಖಾಲಿ ಚೌಕಗಳು ಬಂದವು. ಆ ಸಿಸ್ಟಮ್ಮಿಗೆ ಕನ್ನಡವೇ ಗೊತ್ತಿಲ್ಲ. ಅವಳು ಬಿಡಲಿಲ್ಲ. ಚಿತ್ರದ ಹಲಗೆ ತೆರೆದು, ಚುಕ್ಕಿ ಚುಕ್ಕಿ ಇಡುತ್ತ, ಲಗ್ನಪತ್ರಿಕೆಯ ತಲೆಯಲ್ಲಿ ಹಾಕುವಂಥ ದೊಡ್ಡ ಶ್ರೀಕಾರವನ್ನು ಬಿಡಿಸತೊಡಗಿದಳು. ಆ ಕೈಯನ್ನು ನೋಡುತ್ತ ಕುಳಿತಿದ್ದಾಗ ನನ್ನ ಬಾಯಿಂದ ಮಾತು ಬಂತು.

"ಅವತ್ತು ಯಂತ್ರ ಕೆಟ್ಟಿದ್ದು ನಿನ್ನ ಫ್ಲಾಪಿಯಿಂದ ಅಲ್ಲಮ್ಮ. ನಾನು ಕಾಯಿನೀರು ಚೆಲ್ಲಿದ್ದೆ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಸಾ."

"ಗೊತ್ತಾ?"

"ಸುಟ್ಟ ಕೊಬ್ರಿ ವಾಸ್ನೆ ಬಂತಲ್ಲ. ವೈರಸ್ಸು ಕೊಬ್ರಿ ವಾಸ್ನೆ ಒಡೀತದಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಮನೇಲಿ ಯೋಳ್ದೆ. ಅಪ್ಪ ಒಡ್ಯಕ್ಕೇ ಬಂದ್ರು. ಕೆಲ್ಸ ಕಲ್ಸ್‌ದೋರ ಮೇಲೆ ಗೂಬೆ ಕೂರುಸ್ತೀಯಾ ಅಂದ್ರು. ಆಮೇಕೆ ನಿಮ್ಮತ್ರ ಕಾಯಿ ಇಡ್ಕಂಡು ಬಂದ್ರು."

"ತಪ್ಪಾಯ್ತಮ್ಮ, ಕ್ಷಮಿಸು" ಅಂದೆ. ಅವಳು ಇಲಿಯ ಮೇಲಿಂದ ಕೈತೆಗೆದು ಕನ್ನಡಕ ಸರಿಪಡಿಸಿಕೊಂಡಳು.

"ಆಯ್ತು ಬುಡಿ ಸಾ. ನಿಮ್ ಮೇಲಿನ ಸಿಟ್ಟಿಗೇ ಈ ಅಂಗಡಿ ಮಾಡ್ದೆ, ನಂಗೆ ಲುಕ್ಸಾನೇನಿಲ್ಲ. ಆದ್ರೆ ಅಪ್ಪ ಇವತ್ಗೂ ಕೇಳ್ತಾರೆ, ನಿಮ್ ಸಾರ್ ಮೆಷಿನ್ನು ಸರಿಯೋಯ್ತಾ ಅಂತ. ಒಸ ಕಂಪ್ಯೂಟ್ರು ತಂದಾಗೆಲ್ಲ, ಉಷಾರು ಕಣವ್ವ, ಆವತ್ತಿನಂಗೆ ಆದಾತು ಅಂತಾರೆ. ನಾನೇ ಕೆಡಿಸ್ದೆ ಅಂತ್ಲೇ ಅವರ ಮನ್ಸಲ್ಲಿ."

"ಇದ್ದಾರಾ ಅವರು?"

"ಇಲ್ದೆ ಏನು! ಕಣ್ಣು ಒಸಿ ಮಂಜು, ಕಿವಿ ಮಾತ್ರ ಚುರುಕು. ಬನ್ನಿ, ಈಗ್ಲೇ ಓಗವ, ಮೂಗೂರು ಇಲ್ಲೇ."

ನಾನು ಗಡಿಯಾರ ನೋಡಿದೆ, ಕೈಯಲ್ಲಿ ಕಟ್ಟಿರಲೇ ಇಲ್ಲ. "ಮೊದಲು ಆ ಯಂತ್ರ ರಿಪೇರಿ ಮಾಡ್ತೀನಮ್ಮ. ಸರಿಹೋಯ್ತು ಅಂತಾನೇ ಹೇಳೋ ಹಾಗಾಗಲಿ" ಅಂದೆ. ಅವಳು ನನ್ನನ್ನೊಮ್ಮೆ ನೋಡಿದಳು. ಎದ್ದು ಹೋಗಿ, ಬಿಚ್ಚಿಟ್ಟಿದ್ದ ಯಾವುದೋ ಪೆಟ್ಟಿಗೆಯಿಂದ ಕರೆಂಟಿನ ಡಬ್ಬಿಯನ್ನು ತೆಗೆದು ನನ್ನ ಚೀಲಕ್ಕೆ ಹಾಕಿದಳು. ಜೊತೆಗೆ ಆ ಫ್ಲಾಪಿಯನ್ನೂ.

"ಇದ ಆಕಿ ನೋಡಿ. ಎದ್ಮೇಲೆ ನೀವೇ ಬಂದು ಯೋಳಿ. ನಾನ್ ಯೋಳಿದ್ರೆ ನಂಬಕಿಲ್ಲ."

ಮನೆಗೆ ಬಂದು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಅದ್ದಿ ಆ ಹಸಿರು ಕಿಲುಬನ್ನು ಉಜ್ಜಿದೆ. ಎಷ್ಟು ಸಂಜೆ ಉಜ್ಜಿದೆನೋ. ಸುಟ್ಟ ಡಬ್ಬಿ ಕಿತ್ತು ಅವಳು ಕೊಟ್ಟದ್ದನ್ನು ಕೂರಿಸಿದೆ. ಹೆಂಡತಿಯನ್ನು ಕರೆದು, "ಸ್ವಿಚ್ ಹತ್ರ ನಿಂತ್ಕೋ, ಹೊಗೆ ಬಂದ್ರೆ ಆರಿಸು" ಅಂದೆ.

"ನಿಮಗೆ ಶಾಕ್ ಹೊಡೆದ್ರೆ?"

"ಆಗಲೂ ಆರಿಸು."

"ನೋಡ್ತೀನಿ" ಅಂದಳು.

ಹೊಗೆ ಬರಲಿಲ್ಲ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬೀಪ್. ಫ್ಲಾಪಿ ಟರ್ ಟರ್. ಸತ್ತದ್ದೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದ ಯಂತ್ರ ಬಣ್ಣ ತುಂಬಿಕೊಂಡು ಎದ್ದು ಕುಳಿತಿತು. ನಾನು ಹೆಂಡತಿಯ ಕೈಹಿಡಿದು ಅಳುತ್ತ ನಗುತ್ತ ನಿಂತೆ. "ಇದಕ್ಕೆಲ್ಲ ಅಳ್ತಾರೇನ್ರೀ" ಎಂದಳು. ಅವಳಿಗೆ ಕಾಯಿಯ ಕಥೆ ಹೇಳಿದ್ದು ಆವತ್ತೇ. ಚಟ್ನಿಯ ಮಾತು ಬಂದಾಗ ಅವಳು ಎದ್ದು ಒಳಗೆ ಹೋದಳು.

ಯಂತ್ರ ಸರಿಹೋಯಿತು. ಇನ್ನು ಮೂಗೂರಿಗೆ ಹೋಗಬೇಕಿತ್ತಲ್ಲ? ನನಗೆ ಹೊಸ ಹುಚ್ಚು ಹಿಡಿಯಿತು. ಆ ಸಿಸ್ಟಮ್ಮಿಗೆ ಕನ್ನಡ ಗೊತ್ತಿಲ್ಲವಲ್ಲ, ನಾನೇ ಕಲಿಸುತ್ತೇನೆಂದು ಒಂದೊಂದೇ ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಲು ಕುಳಿತೆ. ಬದುಕಿಡೀ ಅಕ್ಷರ ಜೋಡಿಸಿದವನಿಗೆ ಅಕ್ಷರವನ್ನೇ ಮಾಡುವ ಕೆಲಸ! 'ಅ'ಕಾರದ ಹೊಟ್ಟೆ ಸರಿಯಾಗಿ ದುಂಡಗೆ ಬಂದ ದಿನ ಊಟ ಮರೆತಿದ್ದೆ. ಸ್ವರ ಮುಗಿದವು, ವ್ಯಂಜನ ಮುಗಿದವು. ಆ ಸಿಸ್ಟಮ್ ಬರೆಯುವ ಹವ್ಯಾಸಿಗಳಿಗೆ ಕಳಿಸಿದೆ. ಯಾವುದೋ ದೇಶದಿಂದ ಒಬ್ಬರು, ನಿಮ್ಮ ಅಕ್ಷರಗಳು ಬಹಳ ಚೆನ್ನಾಗಿವೆ, ಉಳಿದದ್ದನ್ನೂ ಕಳಿಸಿ ಎಂದು ಉತ್ತರಿಸಿದರು. ಅದನ್ನು ನರಸೀಪುರಕ್ಕೆ ಫೋನು ಮಾಡಿ ಓದಿ ಹೇಳಿದೆ.

ಅವಳಿಗೂ ಖುಷಿಯೇ. ಎಲ್ಲ ಕೇಳಿ, "ಅದ್ಸರಿ ಸಾ, ಯಾವಾಗ ಬತ್ತೀರ?" ಅಂದಳು.

"ಒತ್ತಕ್ಷರ ಒಂದು ಮುಗೀಲಿ ಅಂತ."

"ಅಪ್ಪನ್ಗೆ ಒತ್ತಕ್ಷರ ಬ್ಯಾಡ ಸಾ" ಅಂದಳು.

ಆ ಮಾತಾದ ಮೇಲೆ ಒತ್ತಕ್ಷರಗಳೂ ಮುಗಿದಿವೆ. ಯಂತ್ರ ಎದುರಿಗಿದೆ, ಕರೆದಾಗಲೆಲ್ಲ ಏಳುತ್ತಿದೆ. ನನ್ನ ಬಳಿ ಇನ್ನು ಯಾವ ನೆಪವೂ ಉಳಿದಿಲ್ಲ, ಈ ಬರವಣಿಗೆಯೊಂದನ್ನು ಬಿಟ್ಟು, ಅದೂ ಮುಗಿಯುತ್ತ ಬಂತು. ಆ ಹುಡುಗಿಯಲ್ಲಿ ಕ್ಷಮೆ ಕೇಳಿಕೊಂಡೆ, ಅವಳು ಮನ್ನಿಸಿದಳು. ನಾನು ಇವತ್ತಿನವರೆಗೂ ಕ್ಷಮೆ ಕೇಳದಿರುವುದು ಅವಳ ತಂದೆಯಲ್ಲಿ. ಚಪ್ಪಲಿಯನ್ನು ಬೀದಿಯಲ್ಲಿ ಬಿಟ್ಟು ಬಂದು, ಮಾಡದ ತಪ್ಪಿಗೆ ಮಗಳ ಪರವಾಗಿ ನನಗೆ ಕೈಮುಗಿದು, ಕಾಯಿ ಕೊಟ್ಟು ಹೋದ ಮೂಗೂರಿನ ಆ ಬೇಸಾಯಗಾರರಲ್ಲಿ.